ಹಳೆಯ ಕಾರಿನ ಹ್ಯಾಂಡ್‌ಬ್ರೇಕು ಹಿಡಿಯದಿದ್ದರೆ: ಕೇಬಲ್ ಬಿಗಿಯುವುದು ಕೊನೆಯ ಕೆಲಸ

ತರಕಾರಿ ತುಂಬಿದ ವ್ಯಾನನ್ನು ಮಾರುಕಟ್ಟೆಯ ಬಳಿ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಮೂಟೆ ಇಳಿಸಲು ಹಿಂಬಾಗಿಲ ಕಡೆಗೆ ಹೋಗುವುದು ತೆರಕಣಾಂಬಿ ಸುತ್ತಿನ ರೈತರಿಗೆ ಮಾಮೂಲಿ ಕೆಲಸ. ಆ ಹೊತ್ತಿನಲ್ಲಿ ವ್ಯಾನಿನ ಹಿಂದೆ ನಿಂತವರನ್ನು ಕಾಯುವುದು ಒಂದು ಉಕ್ಕಿನ ಕೇಬಲ್ಲು ಮತ್ತು ಹಿಂದಿನ ಎರಡು ಚಕ್ರಗಳ ನಾಲ್ಕು ಬ್ರೇಕ್ ಶೂಗಳು ಮಾತ್ರ.

ಅಂಬಾಸಡರ್ ಹಾಗೂ ಮಾರುತಿ 800 ಕಾರುಗಳ ತಯಾರಿಕೆ 2014ರಲ್ಲಿ, ಓಮ್ನಿ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಹಳ್ಳಿಗಳಲ್ಲಿ ಇವು ಇನ್ನೂ ದುಡಿಯುತ್ತಿವೆ. ಇವುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವೆಂದರೆ ಹ್ಯಾಂಡ್‌ಬ್ರೇಕು ಸಡಿಲವಾಗುವುದು. ಹೀಗಾದಾಗ ಕೇಬಲ್ಲಿನ ನಟ್ಟನ್ನು ಎರಡು ಸುತ್ತು ಬಿಗಿದು ಸುಮ್ಮನಾಗುವವರೇ ಹೆಚ್ಚು. ಇದು ತಪ್ಪು ಕ್ರಮ. ಏಕೆಂದು ಈ ಲೇಖನದಲ್ಲಿ ತಿಳಿಯೋಣ.

ಎಷ್ಟು ಭಾರವನ್ನು ಹಿಡಿಯಬೇಕು?

ಸರಕು ಸೇರಿ 1,200 ಕಿಲೋ ತೂಗುವ ವ್ಯಾನು 10 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ನಿಂತಿದೆ ಎನ್ನಿ. ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 120 ಕಿಲೋ. 6 ಅಡಿಗೆ 1 ಅಡಿ ಏರುವ ಕಡೆ ಇದು ಸುಮಾರು 200 ಕಿಲೋ ಆಗುತ್ತದೆ. ಖಾಲಿ ವ್ಯಾನಿನ ತೂಕ 800 ಕಿಲೋ ಆಗಿದ್ದರೆ, ಮೊದಲ ಇಳಿಜಾರಿನಲ್ಲಿ ಎಳೆತ ಬರೀ 80 ಕಿಲೋ. ಆದುದರಿಂದ ಮನೆಯ ಮುಂದೆ ಖಾಲಿ ನಿಂತಾಗ ಹಿಡಿದ ಬ್ರೇಕು ಮೂಟೆ ತುಂಬಿದ ಮೇಲೆ ಕೈಕೊಡಬಹುದು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಂಥ ಕಡೆ ವಾಹನ ಕೆಟ್ಟು ನಿಂತರೆ ಹ್ಯಾಂಡ್‌ಬ್ರೇಕಿನ ಬೆಲೆ ತಿಳಿಯುತ್ತದೆ.

ಕೆಲಸ ಮಾಡುವ ರೀತಿ

ಕಾಲಿನ ಬ್ರೇಕು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಹ್ಯಾಂಡ್‌ಬ್ರೇಕು ಕೇಬಲ್ಲಿನ ಎಳೆತದಿಂದ. ಆದರೆ ಹಿಂದಿನ ಚಕ್ರದಲ್ಲಿ ಇವೆರಡೂ ಒತ್ತುವುದು ಅವೇ ಶೂಗಳನ್ನು. ಹಿಡಿಕೆಯನ್ನು ಎಳೆದಾಗ ಕೇಬಲ್ಲು ಡ್ರಮ್ಮಿನ ಒಳಗಿರುವ ಸಣ್ಣ ಸನ್ನೆಯನ್ನು ಎಳೆಯುತ್ತದೆ. ಸನ್ನೆಯು ಎರಡೂ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಎತ್ತಿನ ಗಾಡಿಯ ಬಿರಿಯಲ್ಲಿ ಕಟ್ಟೆಯು ಚಕ್ರವನ್ನು ಹೊರಗಿನಿಂದ ಒತ್ತಿದರೆ, ಇಲ್ಲಿ ಶೂಗಳು ಒಳಗಿನಿಂದ ಒತ್ತುತ್ತವೆ. ಬಿರಿಯ ಕಟ್ಟೆ ಸವೆದಾಗ ಹಗ್ಗವನ್ನು ಎಷ್ಟು ಎಳೆದರೂ ಪ್ರಯೋಜನವಿಲ್ಲ ಎಂಬುದು ರೈತರಿಗೆ ಗೊತ್ತಿರುವ ವಿಷಯ. ಇಲ್ಲಿಯೂ ಅದೇ ನ್ಯಾಯ.

ಪರೀಕ್ಷೆ

ಮೊದಲು ಸಮನಾದ ನೆಲದಲ್ಲಿ ವಾಹನ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಬೆಣೆಯಾಕಾರದ ಕಲ್ಲು ಕೊಡಬೇಕು. ಗುಂಡುಕಲ್ಲು ಉರುಳುತ್ತದೆ, ಅದು ಬೇಡ. ಓಮ್ನಿ, ಅಂಬಾಸಡರ್‌ಗಳಲ್ಲಿ ಎಂಜಿನ್ನು ತಿರುಗಿಸುವುದೂ ಹಿಂದಿನ ಚಕ್ರಗಳನ್ನೇ. ಹಿಂದಿನ ಒಂದು ಚಕ್ರವನ್ನು ಎತ್ತಿದೊಡನೆ ಗೇರಿನ ಹಿಡಿತ ತಪ್ಪುತ್ತದೆ. ಎರಡನ್ನೂ ಎತ್ತಿದರೆ ಹ್ಯಾಂಡ್‌ಬ್ರೇಕೂ ಇಲ್ಲದಂತಾಗುತ್ತದೆ. ಆಗ ವಾಹನವನ್ನು ತಡೆಯುವುದು ಮುಂದಿನ ಕಲ್ಲುಗಳು ಮಾತ್ರ. ಜಾಕಿಯ ಮೇಲೆ ಮಾತ್ರ ನಿಂತ ವಾಹನದ ಕೆಳಗೆ ಕೈ ಹಾಕಬಾರದು. ಸ್ಟ್ಯಾಂಡು ಅಥವಾ ಗಟ್ಟಿ ಮರದ ದಿಮ್ಮಿ ಕೊಡಬೇಕು, ಇಟ್ಟಿಗೆ ಸಲ್ಲದು.

ನಂತರ ಗೇರನ್ನು ನ್ಯೂಟ್ರಲ್‌ಗೆ ತಂದು, ಹಿಡಿಕೆಯನ್ನು ಒಂದೊಂದೇ ಹಲ್ಲು ಎಳೆಯುತ್ತ ಪ್ರತಿ ಚಕ್ರವನ್ನೂ ಕೈಯಿಂದ ತಿರುಗಿಸಿ ನೋಡಿ. ಹಳೆಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 4ರಿಂದ 8 ಹಲ್ಲಿನೊಳಗೆ ಎರಡೂ ಚಕ್ರ ಬಿಗಿಯಬೇಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಅನುಸರಿಸಿ.

ಲಕ್ಷಣ ಮತ್ತು ಕಾರಣ

1. ಹಿಡಿಕೆ ತುಂಬಾ ಮೇಲೆ ಬರುತ್ತದೆ, ಚಕ್ರ ಬಿಗಿಯುವುದಿಲ್ಲ: ಶೂ ಸವೆದಿದೆ, ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಿದೆ, ಅಥವಾ ಕೇಬಲ್ಲು ಹಿಗ್ಗಿದೆ. ಕಾಲಿನ ಪೆಡಲೂ ಕೆಳಗೆ ಹೋಗುತ್ತಿದ್ದರೆ ದೋಷ ಶೂಗಳ ಕಡೆಯದೆಂದು ಮೊದಲು ಶಂಕಿಸಬೇಕು. ಬ್ರೇಕ್ ಎಣ್ಣೆಯ ಮಟ್ಟವನ್ನೂ ನೋಡಬೇಕು.

2. ಹಿಡಿಕೆ ಕೆಲವೇ ಹಲ್ಲಿಗೆ ಗಟ್ಟಿಯಾಗುತ್ತದೆ, ಆದರೂ ಚಕ್ರ ತಿರುಗುತ್ತದೆ: ಕೇಬಲ್ಲು ಕವಚದೊಳಗೆ ತುಕ್ಕು ಹಿಡಿದಿದೆ, ಅಥವಾ ಲೈನಿಂಗಿಗೆ ಎಣ್ಣೆ ತಾಗಿದೆ, ಇಲ್ಲವೇ ಅದರ ಮೈ ಗಾಜಿನಂತೆ ನುಣುಪಾಗಿದೆ.

3. ಒಂದು ಚಕ್ರ ಮಾತ್ರ ಬಿಗಿಯುತ್ತದೆ: ಇನ್ನೊಂದು ಬದಿಯ ಕೇಬಲ್ಲು ಸಿಕ್ಕಿಕೊಂಡಿದೆ, ಎಳೆತವನ್ನು ಎರಡೂ ಕಡೆಗೆ ಹಂಚುವ ಈಕ್ವಲೈಸರ್ ತುಂಡು ಕೆಸರಿನಿಂದ ಜಾಮ್ ಆಗಿದೆ, ಅಥವಾ ಆ ಬದಿಯಲ್ಲಿ ಎಣ್ಣೆ ಸೋರಿದೆ.

4. ಬ್ರೇಕು ಬಿಟ್ಟರೂ ಚಕ್ರ ಬಿಗಿಯಾಗಿಯೇ ಇದೆ, ಓಡಿಸಿದ ಮೇಲೆ ಡ್ರಮ್ಮು ಬಿಸಿಯಾಗುತ್ತದೆ: ಕೇಬಲ್ಲು ಹಿಂದಕ್ಕೆ ಸರಿಯುತ್ತಿಲ್ಲ, ಸ್ಪ್ರಿಂಗು ಸೋತಿದೆ, ಅಥವಾ ಕೇಬಲ್ಲನ್ನು ಅತಿಯಾಗಿ ಬಿಗಿದಿದ್ದಾರೆ.

ಡ್ರಮ್ಮು ಬಿಚ್ಚಿದಾಗ

ಒಳಗಿನ ಧೂಳನ್ನು ಬಾಯಿಂದ ಊದಬಾರದು, ಗಾಳಿಯ ಪಂಪಿನಿಂದಲೂ ಹಾರಿಸಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇರುವ ಸಂಭವವಿದ್ದು ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು.

ಎಣ್ಣೆ ಕಂಡರೆ ಯಾವುದೆಂದು ತಿಳಿಯಬೇಕು. ತೆಳ್ಳಗಿದ್ದು ಬಣ್ಣವನ್ನು ಕೀಳುವುದು ಬ್ರೇಕ್ ಎಣ್ಣೆ. ಅದು ವೀಲ್ ಸಿಲಿಂಡರಿನಿಂದ ಬಂದದ್ದು. ದಪ್ಪಗಿದ್ದು ಗಂಧಕದಂಥ ಗಾಟು ವಾಸನೆ ಇರುವುದು ಗೇರ್ ಎಣ್ಣೆ. ಅದು ಆಕ್ಸಲ್ಲಿನ ಆಯಿಲ್ ಸೀಲಿನಿಂದ ಬಂದದ್ದು. ಮೊದಲು ಸೋರಿಕೆ ನಿಲ್ಲಿಸಬೇಕು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದರೂ ಬೆಂಕಿಗೆ ಹಿಡಿದರೂ ಸರಿಹೋಗದು. ಎರಡೂ ಚಕ್ರಗಳ ಶೂಗಳನ್ನು ಒಟ್ಟಿಗೆ ಬದಲಿಸುವುದೇ ಸರಿ. ರಿವೆಟ್ ಹೊಡೆದ ಲೈನಿಂಗು ರಿವೆಟ್ಟಿನ ತಲೆಯ ಹತ್ತಿರಕ್ಕೆ ಸವೆದಿದ್ದರೆ ತಡಮಾಡದೆ ಬದಲಿಸಿ. ಇಲ್ಲದಿದ್ದರೆ ರಿವೆಟ್ಟು ಡ್ರಮ್ಮನ್ನು ಕೊರೆಯುತ್ತದೆ.

ಸರಿಪಡಿಸುವ ಕ್ರಮ

1. ಹಿಡಿಕೆಯನ್ನು ಪೂರ್ತಿ ಇಳಿಸಿ, ಕೇಬಲ್ಲಿನ ನಟ್ಟನ್ನು ಸಡಿಲಿಸಿ. ಡ್ರಮ್ಮಿನೊಳಗಿನ ಸನ್ನೆಯು ತನ್ನ ಮೂಲಸ್ಥಾನಕ್ಕೆ ಬಂದಿದೆಯೇ ನೋಡಿ.

2. ಕೇಬಲ್ಲು ಕವಚದೊಳಗೆ ಸರಾಗವಾಗಿ ಜಾರುತ್ತದೆಯೇ ಪರೀಕ್ಷಿಸಿ. ಎಳೆ ಕಿತ್ತಿದ್ದರೆ, ತುಕ್ಕಿನಿಂದ ಸಿಕ್ಕಿಕೊಂಡಿದ್ದರೆ ಹೊಸದನ್ನು ಹಾಕಿ. ಈಕ್ವಲೈಸರನ್ನು ತೊಳೆದು ಗ್ರೀಸು ಹಚ್ಚಿ.

3. ಡ್ರಮ್ಮು ಜೋಡಿಸಿ, ಶೂಗಳ ಅಂತರ ಸರಿಪಡಿಸಿ. ಅಡ್ಜಸ್ಟರ್ ಇರುವ ಕಾರಿನಲ್ಲಿ ಚಕ್ರ ಬಿಗಿಯುವವರೆಗೆ ತಿರುಗಿಸಿ, ಆಮೇಲೆ ಚಕ್ರ ಸರಾಗವಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ತಾನಾಗಿಯೇ ಹೊಂದಿಕೊಳ್ಳುವ ವ್ಯವಸ್ಥೆ ಇದ್ದರೆ ಕಾಲಿನ ಪೆಡಲನ್ನು ಹಲವು ಸಲ ಒತ್ತಿ ಬಿಡಬೇಕು.

4. ಕಾಲಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಶೂಗಳನ್ನು ನಡುವಿಗೆ ಕೂರಿಸಿ, ಅಂತರವನ್ನು ಮತ್ತೊಮ್ಮೆ ನೋಡಿ.

5. ಎಲ್ಲಕ್ಕಿಂತ ಕೊನೆಗೆ ಕೇಬಲ್ಲಿನ ನಟ್ಟನ್ನು ಬಿಗಿಯಿರಿ. ಹೇಳಿದ ಹಲ್ಲಿನೊಳಗೆ ಎರಡೂ ಚಕ್ರ ಬಿಗಿಯಬೇಕು. ಹಿಡಿಕೆ ಇಳಿಸಿದಾಗ ಎರಡೂ ಸರಾಗವಾಗಿ ತಿರುಗಬೇಕು. ಲಾಕ್‌ನಟ್ಟನ್ನು ಮರೆಯಬೇಡಿ.

ಕೇಬಲ್ಲನ್ನು ಮೊದಲೇ ಬಿಗಿದರೇನು?

ಕೇಬಲ್ಲನ್ನು ಮೊದಲೇ ಬಿಗಿದರೆ ಒಳಗಿನ ಸನ್ನೆಯು ಮೂಲಸ್ಥಾನದಿಂದ ಮುಂದಕ್ಕೆ ಬಂದು ನಿಲ್ಲುತ್ತದೆ. ಶೂಗಳು ಅರೆಬರೆ ಅಗಲಿರುತ್ತವೆ. ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆ ಆಗ ಸರಿಯಾಗಿ ಕೆಲಸ ಮಾಡದು. ಶೂಗಳು ಉಜ್ಜುತ್ತ ಬಿಸಿಯಾಗಿ ಬೇಗ ಸವೆಯುತ್ತವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹಿಡಿಕೆ ಗಟ್ಟಿಯಾದುದರಿಂದ ಸವೆದ ಶೂ, ಸೋರುವ ಸಿಲಿಂಡರು ಕಣ್ಣಿಗೆ ಬೀಳದೆ ಉಳಿಯುತ್ತವೆ. ಅವೇ ಶೂಗಳನ್ನು ಕಾಲಿನ ಬ್ರೇಕೂ ನಂಬಿಕೊಂಡಿದೆ. ಅಂದರೆ ಹ್ಯಾಂಡ್‌ಬ್ರೇಕಿನ ಸಡಿಲವು ಕಾಲಿನ ಬ್ರೇಕಿಗೆ ಬರಲಿರುವ ಕೇಡಿನ ಮುನ್ಸೂಚನೆಯೂ ಆಗಿರಬಹುದು. ಅದನ್ನು ನಟ್ಟು ಬಿಗಿದು ಮುಚ್ಚಬಾರದು.

ನಿತ್ಯದ ಎಚ್ಚರಿಕೆ

ಕೆಸರುಗದ್ದೆಯ ದಾರಿಯಲ್ಲಿ ಓಡಿದ ಮೇಲೆ ಕೇಬಲ್ಲು ಹಾಯುವ ಜಾಗವನ್ನು ನೀರಿನಿಂದ ತೊಳೆಯಿರಿ. ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕು ಎಳೆದಿಡದೆ, ಸಮನೆಲದಲ್ಲಿ ಗೇರು ಹಾಕಿ ಕಲ್ಲು ಕೊಡಿ. ಇಲ್ಲವಾದರೆ ಶೂ ಡ್ರಮ್ಮಿಗೆ ಅಂಟಿಕೊಳ್ಳಬಹುದು. ಇಳಿಜಾರಿನಲ್ಲಿ ನಿಲ್ಲಿಸುವಾಗ ಮುಖ ಏರಿನ ಕಡೆಗಿದ್ದರೆ ಮೊದಲ ಗೇರು, ಇಳಿವಿನ ಕಡೆಗಿದ್ದರೆ ಹಿಂದಿನ ಗೇರು ಹಾಕಿ, ಇಳಿವಿನ ಬದಿಗೆ ಚಕ್ರಕ್ಕೆ ಕಲ್ಲು ಕೊಡಬೇಕು. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ಹಿಂದೆ ಬರುವ ಸೈಕಲ್ ಸವಾರನೂ ನಮ್ಮ ಊರಿನವನೇ.

ಡ್ರಮ್ಮು ಬಿಚ್ಚುವ ಅನುಭವ ಇಲ್ಲದವರು ಪರೀಕ್ಷೆಯನ್ನು ಮಾತ್ರ ಮಾಡಿ, ಕಂಡ ಲಕ್ಷಣವನ್ನು ಮೆಕ್ಯಾನಿಕ್‌ಗೆ ತಿಳಿಸಬೇಕು. "ಹ್ಯಾಂಡ್‌ಬ್ರೇಕು ಬಿಗಿ ಮಾಡು" ಎನ್ನುವ ಬದಲು "ಎಡಗಡೆಯ ಚಕ್ರ ಹಿಡಿಯುತ್ತಿಲ್ಲ, ಡ್ರಮ್ಮು ಬಿಚ್ಚಿ ನೋಡು" ಎಂದು ಹೇಳಿದರೆ ಕೆಲಸವೂ ಸರಿಯಾಗುತ್ತದೆ, ಹಣವೂ ಉಳಿಯುತ್ತದೆ.

ಮೊದಲು ಶೂ, ನಂತರ ಅಂತರ, ಕೊನೆಗೆ ಕೇಬಲ್ಲು. ಈ ಮೂರು ಮಾತನ್ನು ನೆನಪಿನಲ್ಲಿಟ್ಟರೆ ವ್ಯಾನಿನ ಹಿಂದೆ ನಿಂತು ಮೂಟೆ ಇಳಿಸುವವರು ನಿಶ್ಚಿಂತೆಯಿಂದ ಕೆಲಸ ಮಾಡಬಹುದು.