ಉಪ್ಪುಗಾಳಿಯ ಊರಲ್ಲಿ ಕಾಲೆಟ್

ಹೊನ್ನಾವರದ ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡಿರುವ ನೀವು, ಕಾಲೆಟ್‌ಗಳ (ಸರಳನ್ನು ಸುತ್ತಲಿಂದ ಬಿಗಿದು ಹಿಡಿಯುವ ಸೀಳುಬಳೆಗಳ) ಇಡೀ ಸೆಟ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಇಆರ್-32 ಕಾಲೆಟ್ ಸಾಮಾನ್ಯವಾಗಿ 1 ಮಿ.ಮೀ. ಮಾತ್ರ ಕುಗ್ಗುತ್ತದೆ, 10ರ ಕಾಲೆಟ್ ಹಿಡಿಯುವುದು 9ರಿಂದ 10ರ ಸರಳನ್ನು. ಹಾಗಾಗಿ ನಿತ್ಯ ಬಳಸುವ ನಾಲ್ಕೈದು ಅಳತೆಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ತೆಗೆದುಕೊಳ್ಳಿ. ಕೊಂಡ ದಿನವೇ ನೇರವಾದ ಗ್ರೈಂಡ್ ಮಾಡಿದ ಪಿನ್ ಹಿಡಿಸಿ, ಡಯಲ್ ಗೇಜ್‌ನಲ್ಲಿ ತಿರುಗಿಸಿ, ಎಷ್ಟು ಓಲಾಡುತ್ತದೆಂದು ನೋಡಿ.

ಕಾಲೆಟ್ಟನ್ನು ಮೊದಲು ನಟ್‌ನೊಳಗೆ ಓರೆಯಾಗಿಟ್ಟು ಟಕ್ಕೆನ್ನುವಂತೆ ಕೂರಿಸಿ, ಆಮೇಲೆ ಚಕ್‌ಗೆ ಹಾಕಿ. ಸರಳಿಲ್ಲದೆ ಬರಿದಾಗಿ ಬಿಗಿಯುವುದು, ಪಾನಾಕ್ಕೆ ಪೈಪ್ ತೂರಿಸುವುದು ಎರಡೂ ಕೂಡದು.

ನನಗೆ ಹೆಚ್ಚು ಚಿಂತೆ ತುಕ್ಕಿನದು. ಭಟ್ಕಳದಿಂದ ಕುಮಟಾದವರೆಗೆ ಗಾಳಿಯಲ್ಲೇ ಉಪ್ಪಿದೆ, ಜೂನ್ ಬಂದರೆ ತಿಂಗಳುಗಟ್ಟಲೆ ತೇವ. ಬೆವರಿದ ಬೆರಳಿನ ಗುರುತೂ ಕಲೆಯಾಗುತ್ತದೆ. ಕೆಲಸ ಮುಗಿದೊಡನೆ ಸೀಳುಗಳಲ್ಲಿ ಸಿಕ್ಕಿದ ಲೋಹದ ಚೂರನ್ನು ಬ್ರಶ್‌ನಿಂದ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಮೆಶಿನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಕೈಗೆ ಸಿಗುತ್ತದೆಂದು ಬಳಸಬೇಡಿ, ಅದು ಹಳಸಿ ಆಮ್ಲವಾಗುತ್ತದೆ. ಸ್ಪಂಜು ತೇವ ಹೀರುತ್ತದೆ, ಹಸಿ ಮರದ ಆಮ್ಲ ಉಕ್ಕನ್ನು ತಿನ್ನುತ್ತದೆ. ಹಾಗಾಗಿ ಕಾಲೆಟ್ಟನ್ನು ಸ್ಪಂಜಿನಲ್ಲೂ ಹಸಿ ಮರದ ಪೆಟ್ಟಿಗೆಯಲ್ಲೂ ಇಡಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ತುಕ್ಕುನಿರೋಧಕ ಕಾಗದ, ಒಂದು ಪೊಟ್ಟಣ ಸಿಲಿಕಾ ಜೆಲ್ ಸಾಕು. ಜೆಲ್ ಹಳತಾದರೆ ಬದಲಿಸಿ. ಮತ್ತೆ ಬಳಸುವಾಗ ಕಾಲೆಟ್‌ನ ಹೊರಮೈ, ಚಕ್‌ನ ಒಳಮೈ ಎರಡರ ಎಣ್ಣೆಯನ್ನೂ ಒರೆಸಿ.