ನೊಗ ಇಳಿಸುವ ಹೊತ್ತು



ಉಪಕಾರಸ್ಮರಣೆಗೆ ಬಿಡುವು ಬೇಕು. ಈ ಪಾಠದ ಮುಖ್ಯ ಮಾತು ಇಷ್ಟೇ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕಾರಹುಣ್ಣಿಮೆಯ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುತ್ತಾರೆ. ಇಲ್ಲಿ ಮಹಾರಾಷ್ಟ್ರದಲ್ಲಿ ಪೋಳಾ ಹಬ್ಬದಂದು ಎತ್ತುಗಳಿಗೆ ಅದೇ ಗೌರವ ಸಲ್ಲುತ್ತದೆ. ದಸರೆಯಲ್ಲಿ ಯಂತ್ರಗಳನ್ನು ನಿಲ್ಲಿಸಿ, ಒರೆಸಿ, ಚೆಂಡುಹೂವಿನ ಮಾಲೆ ಹಾಕುತ್ತೇವೆ. ತಿರುಗುವ ಚಕ್ರಕ್ಕೆ ಯಾರೂ ಮಾಲೆ ಹಾಕಲಾರರು. ಮೊದಲು ನಿಲ್ಲಿಸಬೇಕು, ಆಮೇಲೆ ನೆನೆಯಬೇಕು.

ಎತ್ತಿಗೂ ಯಂತ್ರಕ್ಕೂ ದೊರೆಯುವ ಈ ಬಿಡುವು ನಮಗೆ ದೊರೆಯುತ್ತಿದೆಯೇ? ಪಾಳಿ ಮುಗಿದರೂ ಮೊಬೈಲು ಮುಗಿಯುವುದಿಲ್ಲ. ಒಂದೇ ಖೋಲಿಯಲ್ಲಿ ನಾಲ್ವರು ಇರುತ್ತೇವೆ. ನಾಲ್ವರೂ ನಾಲ್ಕು ಗೋಡೆಗೆ ಮುಖ ಮಾಡಿ ಬೆರಳಾಡಿಸುತ್ತಿರುತ್ತೇವೆ. ಇಂದು ಅಡಿಗೆ ಮಾಡಿದವನು ಯಾರು, ಉಂಡದ್ದು ಏನು ಎಂಬುದು ಕೂಡ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಉಪಾಯ ಕಂಡುಕೊಂಡ ಊರೊಂದು ಸಾಂಗಲಿ ಜಿಲ್ಲೆಯಲ್ಲಿದೆ. ಪುಣೆಯಿಂದ ಮಿರಜ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಗೆ ಹೋಗುವ ನಾವು ಆ ಜಿಲ್ಲೆಯನ್ನು ದಾಟಿಯೇ ಹೋಗುತ್ತೇವೆ. ಊರಿನ ಹೆಸರು ಮೋಹಿತ್ಯಾಂಚೆ ವಡಗಾಂವ. ಜನಸಂಖ್ಯೆ ಸುಮಾರು 3,000. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ, ಪಾಠಗಳು ಮೊಬೈಲಿನಲ್ಲಿ ನಡೆದವು. ಶಾಲೆ ಮತ್ತೆ ತೆರೆದ ಮೇಲೂ ಮಕ್ಕಳ ಕೈಯಿಂದ ಮೊಬೈಲು ಇಳಿಯಲಿಲ್ಲ. ಓದು ಹಿಂದೆ ಬಿತ್ತು. 2022ರ ಆಗಸ್ಟಿನಲ್ಲಿ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ, ವಿಜಯ ಮೋಹಿತೆಯವರು ಸರಪಂಚರಾಗಿದ್ದಾಗ, ಮಹಿಳೆಯರ ಗ್ರಾಮಸಭೆ ಸೇರಿ ಒಂದು ಸೈರನ್ ಕೊಳ್ಳಲು ನಿಶ್ಚಯಿಸಿತು. ಅದನ್ನು ಊರ ಗುಡಿಯ ಮೇಲೆ ಕೂಡಿಸಿದರು. ಸಂಜೆ 7 ಗಂಟೆಗೆ ಅದು ಕೂಗಿದೊಡನೆ ಮೊಬೈಲು, ಟಿ.ವಿ. ಬಂದ್, 8:30ರವರೆಗೆ ಓದು, ಬರಹ, ಮನೆಮಂದಿಯ ಮಾತುಕತೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಿದರು. ಮೊದಮೊದಲು ನಕ್ಕವರೂ ಇದ್ದರು.

ಮಿಲ್ಲಿನ ಭೋಂಗಾ ಕೂಗಿದರೆ ದುಡಿಮೆಗೆ ಓಡಬೇಕು. ಈ ಭೋಂಗಾ ಬಿಡುವಿಗಾಗಿ ಕೂಗಿತು. ಇದರಿಂದ ನಾವು ಮೂರು ಮಾತು ಕಲಿಯಬಹುದು.

1. ಹೊತ್ತು ಗೊತ್ತಾಗಿರಬೇಕು. "ಮೊಬೈಲು ಕಡಿಮೆ ಮಾಡುತ್ತೇನೆ" ಎಂಬ ಸಂಕಲ್ಪಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಒಂದೂವರೆ ತಾಸು ಎಂದರೆ ಯಾರೂ ಹಿಡಿಯಬಹುದಾದ ವ್ರತ.

2. ಎಲ್ಲರೂ ಕೂಡಿ ಮಾಡಬೇಕು. ಒಬ್ಬನೇ ಬಿಟ್ಟರೆ ಅವನಿಗೆ ಬೇಸರ; ಎಲ್ಲರೂ ಬಿಟ್ಟರೆ ಮಾತಿಗೆ ಜೊತೆ.

3. ಖಾಲಿಯಾದ ಕೈಗೆ ಬೇರೇನಾದರೂ ಕೊಡಬೇಕು. ಪುಸ್ತಕವಿರಲಿ, ಪತ್ರವಿರಲಿ, ಪಲ್ಯಕ್ಕೆ ಹೆಚ್ಚುವ ಬದನೆಕಾಯಿಯೇ ಇರಲಿ.

ಇಲ್ಲೊಂದು ಅಡಚಣೆಯುಂಟು. ಪರಊರಿನಲ್ಲಿ ದುಡಿಯುವವನಿಗೆ ಮೊಬೈಲು ಬರಿಯ ಚಟವಲ್ಲ. ಮನೆಗೆ ಹಣ ಕಳಿಸುವುದು ಅದರಿಂದ. ತಾಯಿಯ ದನಿ ಕೇಳುವುದು ಅದರಿಂದ. ಪಾಳಿ ಬದಲಾದ ಸುದ್ದಿ ಬರುವುದೂ ಅದರಿಂದ. ಅದನ್ನು ಬಾವಿಗೆ ಎಸೆಯಿರಿ ಎಂದು ನಾವು ಹೇಳುವುದಿಲ್ಲ. ಎತ್ತನ್ನು ಯಾರೂ ಹಬ್ಬದ ದಿನ ಮಾರುವುದಿಲ್ಲ, ನೊಗವನ್ನಷ್ಟೇ ಇಳಿಸುತ್ತಾರೆ. ಮನೆಗೆ ಫೋನ್ ಮಾಡುವುದಿದ್ದರೆ ಮೊದಲು ಅದನ್ನೇ ಮಾಡಿರಿ. ಗೋಡೆಯತ್ತ ತಿರುಗಿ ಬೆರಳಾಡಿಸುತ್ತ ಆಡುವ ಹತ್ತು ನಿಮಿಷಕ್ಕಿಂತ, ಕಣ್ಣು ಮುಚ್ಚಿ ಕೇಳುವ ಎರಡು ನಿಮಿಷ ತಾಯಿಗೆ ಹೆಚ್ಚು. ಬಳಿಕ ಮೊಬೈಲನ್ನು ಟ್ರಂಕಿನ ಮೇಲೆ ಬೋರಲು ಹಾಕಿರಿ.

ಆಗ ಏನಾಗುತ್ತದೆ? ಮೊದಲು ಚಡಪಡಿಕೆ. ಕಾಲು ತಾಸಿನ ಮೇಲೆ ನೆನಪುಗಳು ಒಂದೊಂದಾಗಿ ಬರತೊಡಗುತ್ತವೆ: ಈ ಊರಿಗೆ ಬಂದ ಮೊದಲ ವಾರ ಚಾಪೆಯ ಅರ್ಧ ಬಿಟ್ಟುಕೊಟ್ಟವರು, ಪಗಾರ ಆಗುವವರೆಗೆ ಉದ್ರಿ ಬರೆದುಕೊಂಡ ಕಿರಾಣಿ ಅಂಗಡಿಯವರು, ಮರಾಠಿ ಬಾರದ ನಮಗೆ ಬಸ್ಸಿನ ಬೋರ್ಡು ಓದಿ ಹೇಳಿದ ಅಪರಿಚಿತರು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ನೆನೆಯುವುದಕ್ಕೆ ಪುರಸತ್ತು ಮಾತ್ರ ನಾವೇ ಮಾಡಿಕೊಳ್ಳಬೇಕು.

ಅಭ್ಯಾಸ: ಈ ವಾರ ಖೋಲಿಯವರೆಲ್ಲ ಕೂಡಿ ಒಂದು ಸಂಜೆಯನ್ನು ಗೊತ್ತುಮಾಡಿರಿ. ರಾತ್ರಿಪಾಳಿಯವರಿದ್ದರೆ ಅವರಿಗೆ ಒಪ್ಪುವ ಹೊತ್ತನ್ನೇ ಆರಿಸಿರಿ. ಪ್ರತಿಯೊಬ್ಬರೂ ತಮಗೆ ಉಪಕಾರ ಮಾಡಿದ ಒಬ್ಬರ ಹೆಸರು ಹೇಳಲಿ. ಆ ವ್ಯಕ್ತಿ ಇದೇ ಊರಿನಲ್ಲಿದ್ದರೆ, ಬರುವ ರಜೆಯಲ್ಲಿ ನಡೆದು ಹೋಗಿ ಕಂಡು ಬರಲಿ.