ಹಿತ್ತಲಿಗೆ ಎರಡು ಅಪರೂಪದ ಬೆಳೆಗಳು: ರೆಕ್ಕೆ ಅವರೆ ಮತ್ತು ಚಕ್ರಮುನಿ

ಹೊಸ ಬೆಳೆಯ ಬೀಜವೋ ಕಡ್ಡಿಯೋ ಕೈಗೆ ಬಂದಾಗ ರೈತ ಬಾಂಧವರು ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಅದು ಯಾವ ಕಾಲದಲ್ಲಿ ಹೂ ಬಿಡುತ್ತದೆ? ಅದನ್ನು ಹಿಂದಿನಿಂದಲೂ ಬೆಳೆದುಕೊಂಡು ಬಂದ ಜನ ಹೇಗೆ ತಿನ್ನುತ್ತಾರೆ? ಮೊದಲನೆಯದನ್ನು ಮರೆತರೆ ಶ್ರಮ ವ್ಯರ್ಥ. ಎರಡನೆಯದನ್ನು ಮರೆತರೆ ಆರೋಗ್ಯಕ್ಕೇ ಸಂಚಕಾರ.

ರೆಕ್ಕೆ ಅವರೆಯ ಕಾಯಿಗೆ ಉದ್ದಕ್ಕೂ ನಾಲ್ಕು ರೆಕ್ಕೆಗಳಿರುತ್ತವೆ. ಪಾಪುವಾ ನ್ಯೂಗಿನಿ ಮತ್ತು ಮ್ಯಾನ್ಮಾರ್ ದೇಶಗಳಲ್ಲಿ ಇದು ಬಹು ಹಳೆಯ ಬೆಳೆ. 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದರ ಬಗ್ಗೆ ವರದಿ ಹೊರತಂದ ಮೇಲೆ ಬೇರೆ ದೇಶಗಳ ಗಮನವೂ ಇತ್ತ ಹರಿಯಿತು. ಬಲಿತ ಬೀಜದಲ್ಲಿ ಶೇಕಡ 30ಕ್ಕೂ ಹೆಚ್ಚು ಪ್ರೋಟೀನು ಇದೆ. ಆದರೂ ಹೊಲದ ಬೆಳೆಯಾಗಿ ಇದು ಸೋಯಾ ಅವರೆಯಷ್ಟು ಹರಡಲಿಲ್ಲ. ಬಳ್ಳಿಗೆ ಆಸರೆ ಬೇಕು, ಕಾಯಿಗಳು ಒಟ್ಟಿಗೆ ಬಲಿಯುವುದಿಲ್ಲ. ಹಿತ್ತಲಿನಲ್ಲಿ ಇದೇ ಅನುಕೂಲ: ಬೇಲಿಯೇ ಆಸರೆ, ದಿನಕ್ಕಿಷ್ಟು ಎಳೆಗಾಯಿ.

ನಾನು ಮೊದಲ ಸಲ ಇದನ್ನು ಸಂಕ್ರಾಂತಿಯ ಹೊತ್ತಿಗೆ ಬಿತ್ತಿದ್ದೆ. ಬಳ್ಳಿ ಚಪ್ಪರವನ್ನೇ ಮುಚ್ಚಿತು, ಆಗಸ್ಟ್ ಬಂದರೂ ಒಂದು ಹೂವಿಲ್ಲ. ಗೊಡ್ಡು ಬಳ್ಳಿಯೆಂದು ಕಿತ್ತೆಸೆದೆ. ಇನ್ನೊಂದು ತಿಂಗಳು ತಾಳಿದ್ದರೆ ಹೂ ಕಾಣುತ್ತಿತ್ತೆಂಬುದು ಆಮೇಲೆ ತಿಳಿಯಿತು. ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡವಿದು. ನಮ್ಮಲ್ಲಿ ಜೂನ್ ತಿಂಗಳಲ್ಲಿ ಹಗಲು ಸುಮಾರು 13 ಗಂಟೆ. ಸೆಪ್ಟೆಂಬರ್ ಕೊನೆಗೆ 12 ಗಂಟೆಗೆ ಇಳಿದು ಮುಂದೆ ಇನ್ನೂ ಕಿರಿದಾಗುತ್ತದೆ. ಆದ್ದರಿಂದ ಮುಂಗಾರಿನ ಮೊದಲ ಮಳೆಗಳಲ್ಲಿ ಬಿತ್ತುವುದೇ ಸರಿ.

ಬೀಜದ ಸಿಪ್ಪೆ ಗಟ್ಟಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಉಬ್ಬಿದವನ್ನು ಮಾತ್ರ ಬಿತ್ತಬೇಕು. ಮೂರು ಅಡಿಗೊಂದರಂತೆ ಗುಣಿ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗುಣಿಗೆ ಎರಡು ಬೀಜ ಊರಿದರೆ ಸಾಕು. ಬುಡದಲ್ಲಿ ನೀರು ನಿಲ್ಲಬಾರದು. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಯೂರಿಯ ಹಾಕುವ ಅಗತ್ಯವಿಲ್ಲ. ಹಾಕಿದರೆ ಎಲೆಯೇ ಹೆಚ್ಚು. ಕಾಯಿಯನ್ನು ಎಳೆಯದಿರುವಾಗಲೇ ಕೊಯ್ದು ಹುರುಳಿಕಾಯಿಯಂತೆ ಪಲ್ಯ ಮಾಡಬಹುದು, ತಡವಾದರೆ ನಾರು. ಬಲಿತ ಬೀಜವನ್ನು ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು, ಹಸಿಯಾಗಿ ಜೀರ್ಣವಾಗದು. ಪಾಪುವಾ ನ್ಯೂಗಿನಿಯಲ್ಲಿ ಹೂ ಚಿವುಟಿ ಬೇರಿನ ಗೆಡ್ಡೆಯನ್ನು ದಪ್ಪ ಮಾಡಿಕೊಳ್ಳುತ್ತಾರೆ. ನಾವು ಕಾಯಿಯಿಂದಲೇ ತೃಪ್ತರಾಗಬಹುದು.

ಚಕ್ರಮುನಿಯನ್ನು ಬೆಳೆಸುವುದು ಇನ್ನೂ ಸುಲಭ. ಗೇಣುದ್ದದ ಬಲಿತ ಕಡ್ಡಿಯನ್ನು ಮಳೆಗಾಲದ ಆರಂಭದಲ್ಲಿ ಎರಡಡಿ ಅಂತರದಲ್ಲಿ ನೆಟ್ಟರೆ ಬೇಲಿಯಾಗಿ ಬೆಳೆಯುತ್ತದೆ, ಅರೆನೆರಳಲ್ಲೂ ಬರುತ್ತದೆ. ಸೊಂಟದೆತ್ತರಕ್ಕೆ ಸವರುತ್ತಿದ್ದರೆ ಚಿಗುರು ಬರುತ್ತಲೇ ಇರುತ್ತದೆ. ಎ ಮತ್ತು ಸಿ ಜೀವಸತ್ವಗಳು ಹೇರಳವಾಗಿರುವುದರಿಂದ ಇದಕ್ಕೆ ವಿಟಮಿನ್ ಸೊಪ್ಪೆಂಬ ಹೆಸರೂ ಇದೆ.

ಈ ಹೆಸರೇ ಕೆಲವರನ್ನು ದಾರಿ ತಪ್ಪಿಸುತ್ತದೆ. ಮಲೇಷಿಯಾ, ಇಂಡೋನೇಷಿಯಾಗಳಲ್ಲಿ ಈ ಸೊಪ್ಪನ್ನು ವಾಡಿಕೆಯಾಗಿ ಬೇಯಿಸಿ ತಿನ್ನುತ್ತಾರೆ. ತೈವಾನಿನಲ್ಲಿ 1994-95ರ ಸುಮಾರಿಗೆ, ತೂಕ ಇಳಿಯುತ್ತದೆಂಬ ನಂಬಿಕೆಯಿಂದ, ಜನ ಹಸಿ ಎಲೆಯ ರಸವನ್ನು ವಾರಗಟ್ಟಲೆ ಕುಡಿದರು. 200ಕ್ಕೂ ಹೆಚ್ಚು ಮಂದಿಗೆ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಹೋಗುವ ಕಾಯಿಲೆ ತಗುಲಿತು. ಕುಡಿಯುವುದನ್ನು ಬಿಟ್ಟರೂ ಅದು ವಾಸಿಯಾಗಲಿಲ್ಲ, ಕೆಲವರು ತೀರಿಕೊಂಡರು. ಮನೆಯಲ್ಲಿ ಯಾರಾದರೂ ಈ ಸೊಪ್ಪಿನ ರಸ ಕುಡಿಯುತ್ತಿದ್ದರೆ ಇಂದೇ ನಿಲ್ಲಿಸಿ. ಏದುಸಿರು, ಬಿಡದ ಕೆಮ್ಮು ಕಂಡರೆ ವೈದ್ಯರಿಗೆ ಈ ಸಂಗತಿಯನ್ನು ತಪ್ಪದೆ ಹೇಳಿ.

ಹಾಗೆಂದು ಗಿಡ ಕಡಿಯಬೇಕಿಲ್ಲ. ವಾರಕ್ಕೊಮ್ಮೆ ಬೇಳೆಯೊಡನೆ ಬೇಯಿಸಿ ಹುಳಿಯನ್ನೋ ಪಲ್ಯವನ್ನೋ ಮಾಡಿಕೊಳ್ಳಬಹುದು. ತಂಬುಳಿಗಾದರೂ ಎಲೆಯನ್ನು ಹಸಿಯಾಗಿ ರುಬ್ಬದೆ, ಮೊದಲು ನೀರಿನಲ್ಲಿ ಚೆನ್ನಾಗಿ ಬೇಯಿಸಿಕೊಳ್ಳಬೇಕು.